ಸ್ಪೆಲಿಂಗ್ ಸರಿ, ಔಷಧಿ ತಪ್ಪು!

ಮೊನ್ನೆ ಭಾನುವಾರ ಸಮೇತನಹಳ್ಳಿಗೆ ಹೋಗಿದ್ದೆ. ಅಮ್ಮ ಮಾಡಿದ ಮುದ್ದೆ, ಬಸ್ಸಾರು ಹೊಟ್ಟೆ ತುಂಬ ತಿಂದು ಒಂದು ನಿದ್ದೆ ತೆಗೆಯೋಣ ಅಂತ ಚಾಪೆ ಹಾಸಿದ್ರೆ, ಒಳಗಿನ ರೂಮಿಂದ ಟಕ್ ಟಕ್ ಅಂತ ಸದ್ದು. ಅಕ್ಕ ಭಾನುವಾರವೂ ಕೆಲಸಕ್ಕೆ ಕೂತಿದ್ಲು.

ಅಕ್ಕ ಬಿಎಸ್ಸಿ ಮುಗಿಸಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸಕ್ಕೆ ಸೇರಿದ್ದು 2011ರಲ್ಲಿ. ನಾನಾಗ ಹೈಸ್ಕೂಲು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಗಡಗಡ ಅಂತ ಮಾತಾಡಿ ರೆಕಾರ್ಡ್ ಮಾಡಿಬಿಡ್ತಾರೆ. ಅದನ್ನು ಇಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೇಳಿ ಟೈಪ್ ಮಾಡಬೇಕು. ಕಾಲಡಿಯ ಪೆಡಲ್ ಒತ್ತಿದರೆ ಆಡಿಯೋ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಅಮ್ಮ ಅದನ್ನು ಈಗಲೂ "ಹೊಲಿಗೆ ಮಿಷನ್ನು" ಅಂತಲೇ ಕರೆಯೋದು :-)

ಒಂದೇ ಜಾಗವನ್ನು ಅಕ್ಕ ಹತ್ತು ಸಲ ಕೇಳ್ತಿದ್ಲು. ನನಗೆ ತಡೆಯಲಿಲ್ಲ. "ಸ್ಪೆಲ್‌ಚೆಕ್ ಇದೆಯಲ್ಲಕ್ಕ, ಅಷ್ಟ್ಯಾಕೆ ಒದ್ದಾಡ್ತೀಯ?" ಅಂದೆ.

"ಎರಡೂ ಸ್ಪೆಲಿಂಗ್ ಸರೀನೇ ಇದೆ ಕಣೋ. ಡಾಕ್ಟ್ರು ಹೇಳಿದ್ದು ಯಾವ್ದು ಅಂತ ನಿನ್ ಸ್ಪೆಲ್‌ಚೆಕ್ ಹೇಳುತ್ತಾ?"

ಇಂಜಿನಿಯರ್ ಅನ್ನೋ ನನ್ನ ಜಂಬ ಅಲ್ಲೇ ಇಳೀತು.

ವಿಷಯ ಇಷ್ಟೇ. ಲಾಮಿಕ್ಟಾಲ್ ಅಂತ ಒಂದು ಔಷಧಿ ಇದೆ, ಮುಖ್ಯವಾಗಿ ಫಿಟ್ಸ್‌ಗೆ ಕೊಡೋದು. ಲಾಮಿಸಿಲ್ ಅಂತ ಇನ್ನೊಂದಿದೆ, ಉಗುರಿನ ಫಂಗಸ್‌ಗೆ. ಡಾಕ್ಟರು ಹೆಸರಿನ ಬಾಲ ನುಂಗಿಬಿಟ್ಟಿದ್ದರು. ಸರಿ, ಡೋಸ್ ನೋಡಿದರೆ ಗೊತ್ತಾಗಬೇಕು, ಲಾಮಿಸಿಲ್ ಮಾತ್ರೆ 250 ಮಿ.ಗ್ರಾಂ. ಆದರೆ ಅದೂ ಇಪ್ಪತ್ತೈದೋ ಇನ್ನೂರೈವತ್ತೋ ಸ್ಪಷ್ಟ ಇಲ್ಲ. ಅಕ್ಕ ಡಿಕ್ಟೇಷನ್ನಿನ ಶುರುವಿಗೆ ಹೋದಳು. ಫಿಟ್ಸ್ ಬರುತ್ತಿದ್ದ ರೋಗಿ. ಅಷ್ಟಕ್ಕೇ ಒಪ್ಪಲಿಲ್ಲ, ಫಿಟ್ಸ್ ಇರೋರಿಗೆ ಉಗುರಿನ ಫಂಗಸ್ ಬರಬಾರದು ಅಂತೇನಿಲ್ವಲ್ಲ! ಹಳೇ ರಿಪೋರ್ಟಿನ ಔಷಧಿ ಪಟ್ಟಿ ತೆಗೆದು ನೋಡಿದಳು. ಲಾಮಿಕ್ಟಾಲ್, 25 ಮಿ.ಗ್ರಾಂ. ಆಮೇಲೇ ಟೈಪ್ ಮಾಡಿದ್ದು. ಒಂದು ಪದಕ್ಕೆ ಆರು ನಿಮಿಷ.

ತಪ್ಪಾಗಿದ್ದರೆ? ಫಿಟ್ಸ್ ಔಷಧಿ ಇದ್ದಕ್ಕಿದ್ದಂತೆ ನಿಂತರೆ ಫಿಟ್ಸ್ ವಾಪಸ್ ಬರಬಹುದು. ಬೇಡದವರಿಗೆ ಲಾಮಿಕ್ಟಾಲ್ ಒಮ್ಮೆಲೇ ಜಾಸ್ತಿ ಡೋಸಿನಲ್ಲಿ ಹೋದರೆ ಮೈಮೇಲೆ ಜೀವಕ್ಕೇ ಕುತ್ತಾಗುವಂಥ ಗುಳ್ಳೆ ಏಳಬಹುದು.

ಇದು ಬರೀ ಅಕ್ಕನ ಅತಿ ಎಚ್ಚರಿಕೆ ಅಂದ್ಕೋಬೇಡಿ. ಅಮೆರಿಕದಲ್ಲಿ ಅಸಿಡಿಟಿಯ ಔಷಧಿಯೊಂದಕ್ಕೆ ಮೊದಲು ಲೋಸೆಕ್ ಅಂತ ಹೆಸರಿತ್ತು. ಮೈಯಲ್ಲಿ ಸೇರಿದ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಲ್ಯಾಸಿಕ್ಸ್ ಜೊತೆ ಗೊಂದಲ ಆಗಿ ಆಗಿ, 1990ರಲ್ಲಿ ಹೆಸರನ್ನೇ ಪ್ರಿಲೋಸೆಕ್ ಅಂತ ಬದಲಾಯಿಸಿದರು. ಎರಡೂ 20 ಮಿ.ಗ್ರಾಂನಲ್ಲಿ ಬರೋದರಿಂದ ಡೋಸ್ ನೋಡಿಯೂ ಪ್ರಯೋಜನ ಇರಲಿಲ್ಲ. ತಮಾಷೆ ಅಂದ್ರೆ ಪ್ರಿಲೋಸೆಕ್ಕೂ ಆಮೇಲೆ ಖಿನ್ನತೆಯ ಔಷಧಿ ಪ್ರೋಜಾಕ್ ಜೊತೆ ಗೊಂದಲ ಆಗುವ ಹೆಸರುಗಳ ಪಟ್ಟಿ ಸೇರ್ತು! 2016ರಲ್ಲಿ ಬ್ರಿಂಟೆಲಿಕ್ಸ್ ಅನ್ನೋದು ಟ್ರಿಂಟೆಲಿಕ್ಸ್ ಆಯ್ತು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಬ್ರಿಲಿಂಟಾ ಜೊತೆ ಕಲಸಿಹೋಗ್ತಿದ್ದ ಕಾರಣಕ್ಕೆ.

ನಮ್ಮಲ್ಲೂ ಇದು ಸುಪ್ರೀಂ ಕೋರ್ಟ್ ತನಕ ಹೋಗಿದೆ. ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್, ಎರಡೂ ಮಲೇರಿಯಾಕ್ಕೆ, ಆದರೆ ಒಳಗಿನ ಔಷಧಿ ಬೇರೆ ಬೇರೆ. 2001ರ ತೀರ್ಪಿನಲ್ಲಿ ಕೋರ್ಟು, ಬೇರೆ ಸಾಮಾನುಗಳ ಹೆಸರಿಗಿಂತ ಔಷಧಿಯ ಹೆಸರನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಬೇಕು ಅಂತ ಹೇಳಿತು. 2016ರಲ್ಲಿ ಆಗಿನ ಮೆಡಿಕಲ್ ಕೌನ್ಸಿಲ್, ಡಾಕ್ಟರುಗಳು ಜೆನೆರಿಕ್ ಹೆಸರನ್ನು ಓದುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೀಬೇಕು ಅಂತ ನಿಯಮ ತಂತು. ಕೋರ್ಟಿಗೆ, ಕೌನ್ಸಿಲ್ಲಿಗೆ ಅರ್ಥ ಆದದ್ದು, ಅಕ್ಕನಿಗೆ ಸಂಬಳ ಲೆಕ್ಕ ಹಾಕೋರಿಗೆ ಮಾತ್ರ ಅರ್ಥ ಆಗಿಲ್ಲ.

ಯಾಕಂದ್ರೆ ಈ ಕೆಲಸದಲ್ಲಿ ದುಡ್ಡು ಸಾಲಿನ ಲೆಕ್ಕ. 65 ಅಕ್ಷರಕ್ಕೆ ಒಂದು ಸಾಲು. ಒಂದು ಹೆಸರಿಗೆ ಆರು ನಿಮಿಷ ಹುಡುಕಿದರೂ ಅದು ಹತ್ತು ಅಕ್ಷರವೇ. ಊಹಿಸಿ ಟೈಪ್ ಮಾಡಿದರೂ ಅದೇ ಹತ್ತು ಅಕ್ಷರ. ಅಂದಮೇಲೆ ಹುಡುಕಿದೋಳಿಗೆ ನಷ್ಟ, ಊಹಿಸಿದೋಳಿಗೆ ಲಾಭ. ಗೊತ್ತಾಗದಿದ್ದರೆ ಜಾಗ ಖಾಲಿ ಬಿಟ್ಟು, ಎಷ್ಟನೇ ನಿಮಿಷದಲ್ಲಿ ಇದೆ ಅಂತ ಗುರುತು ಹಾಕಬಹುದು, ನಿಯಮ ಇರೋದೇ ಹಾಗೆ. ಆದರೆ ಅಕ್ಕ ಮೊದಲು ಇದ್ದ ಕಡೆ ಖಾಲಿ ಜಾಗ ಹೆಚ್ಚಾದರೆ ಇನ್ಸೆಂಟಿವ್ ಕಟ್. ನಮ್ಮ ಆಫೀಸಿನಲ್ಲಿ ಟೆಸ್ಟರ್ ಒಂದು ಬಗ್ ಹಿಡಿದರೆ ಶಭಾಷ್ ಅಂತೀವಿ. ಅಕ್ಕ "ನಂಗೆ ಅನುಮಾನ ಇದೆ" ಅಂದರೆ ದುಡ್ಡು ಕಡಿತ. ಇದು ಯಾವ ನ್ಯಾಯ ಹೇಳಿ?

ಶುರುವಿನ ದಿನಗಳಲ್ಲಿ ಅಕ್ಕನೂ ಒಂದು ಸಲ ಊಹಿಸಿದ್ದಳು. ಕೀಲುನೋವಿನ ಸೆಲೆಬ್ರೆಕ್ಸ್ ಇರಬೇಕಾದ ಕಡೆ ಖಿನ್ನತೆಯ ಸೆಲೆಕ್ಸಾ. ಕ್ವಾಲಿಟಿಯವರು ಹಿಡಿದರು, ರೋಗಿಯ ತನಕ ಹೋಗಲಿಲ್ಲ. ಆ ರಾತ್ರಿ ಅವಳು ಊಟ ಮಾಡದೆ ಮಲಗಿದ್ದು ನನಗೆ ನೆನಪಿದೆ, ಕಾರಣ ಗೊತ್ತಾಗಿದ್ದು ಮಾತ್ರ ಮೊನ್ನೆ. ಆ ರಿಪೋರ್ಟಿಗೆ ಅಂಕ ಎಷ್ಟು ಬಂದಿತ್ತು ಗೊತ್ತಾ? ಪಾಸಾಗೋಕೆ ಬೇಕಾದ ಶೇಕಡ 98ಕ್ಕಿಂತ ಜಾಸ್ತಿ! ಶೇಕಡಾವಾರು ಲೆಕ್ಕ ಅಂದ್ರೆ ಹಾಗೇ. ನೂರು ಪದದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ, ಔಷಧಿಯೇ ತಪ್ಪಿದರೂ, ಕಾಣೋ ಅಂಕ ಹೆಚ್ಚುಕಡಿಮೆ ಒಂದೇ.

"ಈಗೆಲ್ಲ ಕಂಪ್ಯೂಟರೇ ಕೇಳಿ ಬರೆಯುತ್ತಲ್ಲ" ಅಂತ ನೀವು ಕೇಳಬಹುದು. ಹೌದು, ಅಕ್ಕನೂ ಈಗ ಹೆಚ್ಚಾಗಿ ಮಾಡೋದು ಸಾಫ್ಟ್‌ವೇರ್ ಬರೆದ ಡ್ರಾಫ್ಟನ್ನು ತಿದ್ದೋ ಕೆಲಸ. ಆದರೆ ಮನುಷ್ಯರಿಗೆ ಗೊತ್ತಾಗದಿದ್ದರೆ ಖಾಲಿ ಬಿಡ್ತಾರೆ, ಯಂತ್ರ ಎಷ್ಟೋ ಸಲ ಖಾಲಿ ಬಿಡೋದೇ ಇಲ್ಲ. ವಿಸ್ಪರ್ ಅನ್ನೋ ತಂತ್ರಾಂಶ ಯಾರೂ ಹೇಳದ ಮಾತನ್ನು ತಾನೇ ಹುಟ್ಟಿಸಿ ಬರೆಯುತ್ತಿದೆ ಅಂತ 2024ರಲ್ಲಿ ಸುದ್ದಿಯಾಯ್ತು. "ಹೈಪರ್‌ಆಕ್ಟಿವೇಟೆಡ್ ಆಂಟಿಬಯೋಟಿಕ್ಸ್" ಅಂತ ಜಗತ್ತಿನಲ್ಲೇ ಇಲ್ಲದ ಔಷಧಿಯನ್ನೂ ಬರೆದಿತ್ತಂತೆ. ಇಲ್ಲದ ಔಷಧಿಯಾದರೆ ಯಾರಾದರೂ ಹಿಡೀತಾರೆ. ಇರುವ ಔಷಧಿ, ನೀಟಾದ ಸ್ಪೆಲಿಂಗ್, ಬೇರೆ ರೋಗದ್ದು ಅಂದ್ರೆ ಕಣ್ಣು ಹಾಗೇ ಜಾರಿ ಮುಂದೆ ಹೋಗುತ್ತೆ. ತಿದ್ದೋ ಕೆಲಸಕ್ಕೆ ಸಾಲಿಗೆ ಕೊಡೋ ದುಡ್ಡು ಬೇರೆ ಇನ್ನೂ ಕಮ್ಮಿ.

ಖಾಲಿ ಬಿಡೋದನ್ನು ಬಿಟ್ಟರೆ ಎಲ್ಲರೂ ಸೋಮಾರಿಗಳಾಗ್ತಾರೆ ಅನ್ನೋ ವಾದ ಇದೆ. ಪೂರ್ತಿ ಸುಳ್ಳಲ್ಲ. ಅದಕ್ಕೇ ಖಾಲಿ ಬಿಟ್ಟೋರು ಏನು ಕೇಳಿಸಿತು, ಎಲ್ಲೆಲ್ಲಿ ಹುಡುಕಿದೆ ಅಂತ ಒಂದು ಸಾಲು ಬರೆಯಲಿ. ಹಾಗೆ ಬರೆದ ಸಾಲಿಗೆ ದುಡ್ಡು ಕೊಡಲಿ. ಔಷಧಿ ಹೆಸರು, ಡೋಸು ಇವೆರಡರ ತಪ್ಪನ್ನು ಶೇಕಡಾ 98ರ ಮೂಟೆಗೆ ತುಂಬದೆ ಬೇರೆಯಾಗಿ ಎಣಿಸಲಿ. ಇದಕ್ಕೆ ರಾಕೆಟ್ ಹಾರಿಸೋ ಬುದ್ಧಿಯೇನೂ ಬೇಡ, ನಮ್ಮಂಥ ಸಾಫ್ಟ್‌ವೇರ್ ಜನ ಮನಸ್ಸು ಮಾಡಿದ್ರೆ ಒಂದು ವಾರದ ಕೆಲಸ.

ಸಂಜೆ ಹೊಸಕೋಟೆ ರೋಡಿನ ಮೆಡಿಕಲ್ ಶಾಪಿನಲ್ಲಿ ಅಮ್ಮನ ಬಿಪಿ ಮಾತ್ರೆ ತಗೊಂಡೆ. ಹಣ ಕೊಡೋಕೆ ಮುಂಚೆ, ಜೀವನದಲ್ಲಿ ಮೊದಲ ಸಲ, ಸ್ಟ್ರಿಪ್ಪಿನ ಹೆಸರನ್ನು ಚೀಟಿ ಜೊತೆ ಅಕ್ಷರ ಅಕ್ಷರ ಹಿಡಿದು ನೋಡಿದೆ. ಅಂಗಡಿಯವರು "ಸರಿ ಇದೆ ಸಾರ್, ಅದೇನೇ" ಅಂದ್ರು. ಸರಿಯಾಗೇ ಇತ್ತು. ಆದರೂ ನೋಡಿದೆ.

ನೀವು ನೋಡ್ತೀರಾ?