ಆಟ ಕಲಿಸುವವರ ಸಂಬಳ

ಅಕ್ಷರ ಕಲಿಸಿದವರಿಗೆ ಸಂಬಳ ಸಲ್ಲಬೇಕೆಂಬುದನ್ನು ಒಪ್ಪದವರು ಯಾರೂ ಇಲ್ಲ. ಆದರೆ ಆಟ ಕಲಿಸಿದವರಿಗೆ ಎಷ್ಟು ಸಲ್ಲಬೇಕು, ಯಾರಿಂದ ಸಲ್ಲಬೇಕು, ಯಾತಕ್ಕಾಗಿ ಸಲ್ಲಬೇಕು ಎಂಬ ವಿಷಯದಲ್ಲಿ ನಾವು ಸಾಕಷ್ಟು ಆಲೋಚಿಸಿದಂತೆ ತೋರುವುದಿಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈಗ ಇದು ಅನೇಕ ಮನೆಗಳ ಪ್ರಶ್ನೆಯಾಗಿದೆ. ದೂರದೇಶದ ಸಂಗತಿ ನಮಗೇಕೆ ಎಂದು ವಾಚಕರು ಕೇಳಬಹುದು. ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಆ ದೇಶದಲ್ಲೇ ಸಂಸಾರ ಹೂಡಿದ್ದಾರೆ. ಮತ್ತೆ ಕೆಲವರ ಮೊಮ್ಮಕ್ಕಳು ಅಲ್ಲಿ ಬೆಳೆಯುತ್ತಿದ್ದಾರೆ. ಮೇಲಾಗಿ, ಅಲ್ಲಿ ಇಂದು ನಡೆದದ್ದು ನಾಳೆ ನಮ್ಮ ನಗರಗಳಿಗೆ ಬರುವುದು ಹೊಸತಲ್ಲ. ಆದಕಾರಣ ಈ ವಿಷಯವನ್ನು ತುಸು ವಿಚಾರಮಾಡುವುದು ಅಪ್ರಸ್ತುತವಾಗಲಾರದು.

ಅಮೇರಿಕದಲ್ಲಿ ಶಾಲೆಯ ಹೊರಗೆ ಮಕ್ಕಳ ಆಟವು ಎರಡು ವಿಧವಾಗಿ ನಡೆಯುತ್ತದೆ. ಮೊದಲನೆಯದು ಊರ ಆಟ. 1939ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ವಿಲಿಯಮ್ಸ್‌ಪೋರ್ಟ್ ಪಟ್ಟಣದಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ಹುಡುಗರಿಗಾಗಿ ಆರಂಭಿಸಿದ ‘ಲಿಟ್ಲ್ ಲೀಗ್’ ಎಂಬ ಬೇಸ್‌ಬಾಲ್ ಸಂಘವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದದ್ದು 1974ರಲ್ಲಿ. ಅಲ್ಲಿ ಆಟ ಕಲಿಸುವವರು ಬಹುಮಟ್ಟಿಗೆ ಮಕ್ಕಳ ತಂದೆತಾಯಿಗಳೇ, ಸಂಬಳವಿಲ್ಲದೆ ಸೇವೆಮಾಡುವವರು. ಎರಡನೆಯದು ಸಂಚಾರೀ ತಂಡಗಳ ಆಟ. ಎಂಟು, ಹತ್ತು, ಹನ್ನೆರಡು ವರ್ಷದ ಮಕ್ಕಳನ್ನು ಪರೀಕ್ಷಿಸಿ ಆರಿಸಿ, ಒಂದು ಕ್ಲಬ್ಬು ಅವರನ್ನು ತಂಡವಾಗಿ ಕಟ್ಟುತ್ತದೆ. ವಾರದ ಕೊನೆಯಲ್ಲಿ ಪರವೂರುಗಳಿಗೂ ಕೆಲವೊಮ್ಮೆ ನೆರೆಯ ಪ್ರಾಂತಗಳಿಗೂ ಪಂದ್ಯಗಳಿಗಾಗಿ ಕಳುಹಿಸುತ್ತದೆ. ಇಲ್ಲಿ ಕಲಿಸುವವರಿಗೆ ‘ಕೋಚ್’ ಎಂದು ಹೆಸರು. ಇವರಲ್ಲಿ ಅನೇಕರು ಹಣ ಪಡೆದು ಕೆಲಸಮಾಡುವ ವೃತ್ತಿಗಾರರು.

ಆ ಹಣವು ಅವರ ಕೈ ಸೇರುವ ದಾರಿಗಳು ಹಲವು. ತಂಡದಲ್ಲಿ ಸ್ವಂತ ಮಗುವಿರುವ ತಂದೆಯೋ ತಾಯಿಯೋ ಕಲಿಸಿದರೆ ಸಂಬಳವಿಲ್ಲ. ಆ ಮಗುವಿನ ಶುಲ್ಕವನ್ನು ಕೆಲವು ಕ್ಲಬ್ಬುಗಳು ಬಿಟ್ಟುಕೊಡುತ್ತವೆ. ಹೊರಗಿನಿಂದ ಬಂದವರಿಗೆ ಋತುವಿಗಿಷ್ಟು, ತಂಡಕ್ಕಿಷ್ಟು ಎಂದು ಗೌರವಧನ ಸಲ್ಲುತ್ತದೆ. ದೊಡ್ಡ ಕ್ಲಬ್ಬುಗಳಲ್ಲಿ ಮುಖ್ಯಸ್ಥರಿಗೆ ವರ್ಷದ ಸಂಬಳವೇ ಉಂಟು. ಪರವೂರಿಗೆ ಹೋದಾಗ ಕೋಚರ ಪ್ರಯಾಣ, ಊಟ, ವಸತಿಗಳ ಖರ್ಚನ್ನು ತಂಡದ ಪಾಲಕರು ಹಂಚಿಕೊಂಡು ತೆರುವುದು ವಾಡಿಕೆ. ಇವೆಲ್ಲಕ್ಕೂ ಮೇಲೆ ಖಾಸಗಿ ಪಾಠವೆಂಬುದೊಂದಿದೆ: ತಂಡದ ಅಭ್ಯಾಸ ಮುಗಿದ ಮೇಲೆ ಅದೇ ಕೋಚ್ ಅದೇ ಮಗುವಿಗೆ ಗಂಟೆಗಿಷ್ಟೆಂದು ಹಣ ಪಡೆದು ಪ್ರತ್ಯೇಕವಾಗಿ ಕಲಿಸುವುದು.

ದುಡಿದವರು ಕೂಲಿ ಪಡೆಯುವುದು ತಪ್ಪಲ್ಲ. ಸಂಜೆಯ ಹೊತ್ತನ್ನೂ ವಾರದ ವಿರಾಮವನ್ನೂ ಪರರ ಮಕ್ಕಳಿಗಾಗಿ ಸವೆಸುವವರಿಗೆ ನ್ಯಾಯವಾದ ವೇತನ ಸಲ್ಲಲೇಬೇಕು. ನನ್ನ ಆಕ್ಷೇಪಣೆಯು ಸಂಬಳವನ್ನು ಕುರಿತದ್ದಲ್ಲ, ಸಂಬಳ ಬರುವ ದಾರಿಯನ್ನು ಕುರಿತದ್ದು. ಹಣ ಬರುವ ದಾರಿಯು ಕಲಿಸುವವರ ದೃಷ್ಟಿಯನ್ನು ತಿದ್ದುತ್ತದೆ. ತಲೆಯೆಣಿಕೆಯ ಮೇಲೆ ಆದಾಯ ನಿಂತರೆ, ಹತ್ತು ಮಂದಿ ಆಡಬೇಕಾದ ತಂಡಕ್ಕೆ ಹದಿನೈದು ಮಂದಿಯನ್ನು ಸೇರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಐದು ಮಕ್ಕಳು ಶುಲ್ಕ ತೆತ್ತು ಅಂಚಿನಲ್ಲಿ ಕುಳಿತಿರುತ್ತಾರೆ. ಗೆಲ್ಲುವ ಕ್ಲಬ್ಬಿಗೆ ಮಾತ್ರ ಪಾಲಕರು ಮುಗಿಬೀಳುವರೆಂದಾದರೆ, ಹತ್ತು ವರ್ಷದ ಬಾಲಕಿಯ ಸೋಲು ಕೋಚರ ಹೊಟ್ಟೆಪಾಡಿನ ಪ್ರಶ್ನೆಯಾಗುತ್ತದೆ. ಖಾಸಗಿ ಪಾಠವಂತೂ ಇನ್ನೂ ಸೂಕ್ಷ್ಮವಾದದ್ದು. ಮುಂದಿನ ವರ್ಷದ ತಂಡಕ್ಕೆ ಆರಿಸುವ ಕೈಯೂ ಪಾಠದ ಹಣ ಪಡೆಯುವ ಕೈಯೂ ಒಂದೇ ಆಗಿರುವಾಗ, ಪಾಠಕ್ಕೆ ಕಳುಹಿಸಲಾರದ ತಾಯಿಯ ಮನಸ್ಸಿಗೆ ನೆಮ್ಮದಿಯೆಲ್ಲಿ? ಕೋಚ್ ಎಷ್ಟೇ ಪ್ರಾಮಾಣಿಕರಾಗಿರಲಿ, ಆ ಸಂಶಯವನ್ನು ತೊಡೆಯುವುದು ಅವರಿಂದಾಗದು. ಒಳ್ಳೆಯವರನ್ನೂ ಸಂಶಯಕ್ಕೆ ಗುರಿಮಾಡುವ ಏರ್ಪಾಡು ಕೆಟ್ಟ ಏರ್ಪಾಡೇ ಸರಿ.

ವೆಚ್ಚವೂ ಸಾಮಾನ್ಯವಾದುದಲ್ಲ. ಮಕ್ಕಳ ಕ್ರೀಡೆಯನ್ನು ಕುರಿತು ಪರಿಶೀಲನೆ ನಡೆಸುವ ಆಸ್ಪೆನ್ ಸಂಸ್ಥೆಯ ಸಮೀಕ್ಷೆಯಂತೆ, 2024ರಲ್ಲಿ ಅಲ್ಲಿನ ಒಂದು ಕುಟುಂಬವು ಒಂದು ಮಗುವಿನ ಮುಖ್ಯ ಆಟವೊಂದಕ್ಕೆ ಸರಾಸರಿ 1,016 ಡಾಲರುಗಳನ್ನು ವೆಚ್ಚಮಾಡಿತು. 2019ಕ್ಕೆ ಹೋಲಿಸಿದರೆ ಇದು ಶೇಕಡಾ 46ರಷ್ಟು ಹೆಚ್ಚು. ಇದು ಸರಾಸರಿ ಮಾತ್ರ. ಸಂಚಾರೀ ತಂಡದ ಪಾಲಕರು ಇದರ ಹಲವು ಪಟ್ಟು ತೆರುವುದುಂಟು. ಕೆಲವು ಪಂದ್ಯಾವಳಿಗಳಲ್ಲಿ, ನಿರ್ವಾಹಕರು ಗೊತ್ತುಪಡಿಸಿದ ಹೋಟೆಲಿನಲ್ಲಿಯೇ ಇಳಿಯಬೇಕೆಂಬ ಕಟ್ಟಳೆಯೂ ಇದೆ. ಇಷ್ಟನ್ನೆಲ್ಲ ಸಹಿಸುವುದು ಕಾಲೇಜಿನ ವಿದ್ಯಾರ್ಥಿವೇತನದ ಆಸೆಯಿಂದ. ಆದರೆ ಪ್ರೌಢಶಾಲೆಯ ಆಟಗಾರರಲ್ಲಿ ಕ್ರೀಡಾ ವಿದ್ಯಾರ್ಥಿವೇತನ ದೊರೆಯುವುದು ನೂರಕ್ಕೆ ಸುಮಾರು ಇಬ್ಬರಿಗೆ. ಉಳಿದ ತೊಂಬತ್ತೆಂಟು ಮಂದಿಗೆ ಆಟದಿಂದ ಬರುವ ಲಾಭವು ಆರೋಗ್ಯ, ಸ್ನೇಹ, ಧೈರ್ಯಗಳೇ. ಇವು ಊರ ಮೈದಾನದಲ್ಲಿಯೂ ದೊರೆಯತಕ್ಕವು. ಹಣವುಳ್ಳ ಮನೆಗಳ ಮಕ್ಕಳೆಲ್ಲ ಸಂಚಾರೀ ತಂಡಗಳಿಗೆ ಹೊರಟುಹೋದರೆ ಊರ ಮೈದಾನ ಬರಿದಾಗುತ್ತದೆ; ಬಡವರ ಮಗಳಿಗೆ ಜತೆಯಲ್ಲಿ ಆಡುವವರೂ ಇಲ್ಲ, ಕಲಿಸುವವರೂ ಇಲ್ಲ.

ಹಾಗಾದರೆ ಎಲ್ಲವನ್ನೂ ಸೇವೆಯಾಗಿಯೇ ನಡೆಸಬಾರದೆ ಎಂದು ಕೆಲವರು ಕೇಳುವರು. ನಾರ್ವೆ ದೇಶದವರು ಬಹಳ ಮಟ್ಟಿಗೆ ಹಾಗೆ ನಡೆಸುತ್ತಾರೆ. 1987ರಲ್ಲಿ ಅಲ್ಲಿನ ಕ್ರೀಡಾ ಒಕ್ಕೂಟವು ಮಕ್ಕಳ ಆಟಕ್ಕೆ ನಿಯಮಗಳನ್ನು ಮಾಡಿ, 2007ರಲ್ಲಿ ಪರಿಷ್ಕರಿಸಿತು. 11 ವರ್ಷಕ್ಕೆ ಮೊದಲು ಫಲಿತಾಂಶಗಳ ಪಟ್ಟಿಯಿಲ್ಲ. 13 ವರ್ಷಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಊರವರೆಲ್ಲ ಕೂಡಿ ಕೂಲಿಯಿಲ್ಲದೆ ದುಡಿಯುವ ‘ದುಗ್ನಾದ್’ ಎಂಬ ಹಳೆಯ ಪದ್ಧತಿಯು ಅವರ ಕ್ಲಬ್ಬುಗಳಿಗೆ ಆಧಾರ. ಇದು ಮೆಚ್ಚತಕ್ಕದ್ದೇ. ಆದರೂ ಪುಕ್ಕಟೆ ಸೇವೆಗೂ ಒಂದು ಬೆಲೆಯುಂಟೆಂಬುದನ್ನು ಮರೆಯಬಾರದು. ವಿರಾಮವುಳ್ಳವರು ಮಾತ್ರ ಸೇವೆಮಾಡಬಲ್ಲರು. ಹಗಲು ಹೊರಗೆ ದುಡಿದು ಸಂಜೆ ಅಡುಗೆಮನೆಗೆ ಮರಳುವ ಹೆಣ್ಣಿಗೆ ಆ ವಿರಾಮವೆಲ್ಲಿಂದ ಬರಬೇಕು? ಅಲ್ಲದೆ ತನ್ನ ಮಗುವನ್ನೇ ಮುಂದಿಡುವ ತಂದೆಯನ್ನು, ಸಂಬಳ ಕೊಡದ ಕಾರಣದಿಂದ, ಪ್ರಶ್ನಿಸುವ ಧೈರ್ಯ ಯಾರಿಗೂ ಬಾರದು.

ಹೆಣ್ಣುಮಕ್ಕಳ ಶಾಲೆಗೆ ಸೇರಿದ ನಾವು ವಿಶೇಷವಾಗಿ ಗಮನಿಸತಕ್ಕ ಚರಿತ್ರೆಯೊಂದು ಇಲ್ಲಿದೆ. 1972ರಲ್ಲಿ ಅಮೇರಿಕದ ಶಾಸನಸಭೆಯು, ಸರಕಾರದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದವನ್ನೆಣಿಸಬಾರದೆಂದು ವಿಧಿಸಿತು. ಆಗ ಅಲ್ಲಿನ ಪ್ರೌಢಶಾಲೆಗಳಲ್ಲಿ ಪಂದ್ಯವಾಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕಿಂತ ಕಡಿಮೆ. ಇಂದು ಮೂವತ್ತು ಲಕ್ಷಕ್ಕಿಂತ ಹೆಚ್ಚು. ಸಂತೋಷದ ಸಂಗತಿ. ಆದರೆ ಅದೇ 1972ರಲ್ಲಿ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಂಡಗಳಿಗೆ ಮಹಿಳೆಯರೇ ಕೋಚರಾಗಿದ್ದರು. 2014ರ ವೇಳೆಗೆ ಆ ಸಂಖ್ಯೆಯು ಸುಮಾರು 43ಕ್ಕೆ ಇಳಿಯಿತು. ಹಿಂದೆ ಸಂಬಳವು ಅಲ್ಪವಾಗಿಯೋ ಇಲ್ಲದೆಯೋ ಇದ್ದ ಕೆಲಸಕ್ಕೆ ಹಣವೂ ಮಾನವೂ ಬಂದೊಡನೆ ಗಂಡಸರು ಬಂದರು. ಇದರಿಂದ ಸಂಬಳವೇ ಬೇಡವೆಂದು ತಿಳಿಯಬಾರದು. ಸಂಬಳ ಬರುವಾಗ ಅದು ಯಾರ ಕೈಗೆ ಸೇರುತ್ತದೆಂಬುದನ್ನು ಕಣ್ಣಿಟ್ಟು ನೋಡಬೇಕು, ಮೊದಲು ಬಿಟ್ಟಿಯಾಗಿ ದುಡಿದ ಹೆಂಗಸರನ್ನು ಹಿಂದೆ ತಳ್ಳಬಾರದು ಎಂಬುದೇ ಇದರ ಪಾಠ. ತಾನು ನಾಳೆ ಏನಾಗಬಹುದೆಂಬುದನ್ನು ಬಾಲಕಿಯು ತನ್ನೆದುರಿನಲ್ಲಿ ನಿಂತು ಕಲಿಸುವವಳನ್ನು ನೋಡಿ ತಿಳಿಯುತ್ತಾಳೆ.

ಹೀಗಿರಲಾಗಿ ನನ್ನ ಅಭಿಪ್ರಾಯವಿಷ್ಟು. ಆಟ ಕಲಿಸುವವರಿಗೆ ಋತುವಿಡೀ ಗೊತ್ತಾದ ವೇತನವಿರಲಿ. ಗೆದ್ದರೂ ಸೋತರೂ, ಮಕ್ಕಳು ಹತ್ತಿದ್ದರೂ ಹದಿನೈದಿದ್ದರೂ ಅದು ಬದಲಾಗದಿರಲಿ. ಆ ಮೊತ್ತವನ್ನು ಬರಹದಲ್ಲಿಟ್ಟು ಎಲ್ಲ ಪಾಲಕರಿಗೂ ತಿಳಿಸಲಿ. ತಾವೇ ಆರಿಸುವ ಮಕ್ಕಳಿಗೆ ಹಣ ಪಡೆದು ಖಾಸಗಿ ಪಾಠ ಹೇಳುವುದು ನಿಲ್ಲಲಿ. ಶುಲ್ಕವೆಲ್ಲ ಒಂದು ಸಾಮಾನ್ಯ ನಿಧಿಗೆ ಸೇರಿ, ತೆರಲಾರದ ಮಗುವಿನ ಪಾಲನ್ನು ಆ ನಿಧಿಯೇ ಹೊರಲಿ. ಹುಡುಗಿಯರ ತಂಡಗಳಿಗೆ ತಕ್ಕ ಮಹಿಳೆಯರನ್ನು ಹುಡುಕಿ, ಗಂಡಸರಿಗೆ ಸಲ್ಲುವಷ್ಟೇ ಸಂಬಳ ಕೊಡಲಿ. ಅಮೇರಿಕದಲ್ಲಿರುವ ನಮ್ಮ ಸೋದರಿಯರು ತಿಳಿದಿರತಕ್ಕ ಮಾತೊಂದುಂಟು: ಧರ್ಮಾರ್ಥ ಸಂಸ್ಥೆಯೆಂದು ಕರವಿನಾಯಿತಿ ಪಡೆದ ದೊಡ್ಡ ಕ್ಲಬ್ಬುಗಳು ತಮ್ಮ ವಾರ್ಷಿಕ ಲೆಕ್ಕಪತ್ರವನ್ನು ಕೇಳಿದವರಿಗೆ ತೋರಿಸಬೇಕೆಂಬುದು ಅಲ್ಲಿನ ಕಾನೂನು. ಕೇಳಲು ಸಂಕೋಚಪಡಬೇಕಾದದ್ದಿಲ್ಲ.

ಇಂಥ ಏರ್ಪಾಡು ಕನಸಿನ ಮಾತೆಂದು ಹೇಳುವವರು ನಮ್ಮ ಶಾಲೆಗಳ ಅಂಗಳವನ್ನು ನೋಡಲಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲನ್ನೂ, 1895ರಲ್ಲಿ ವಿಲಿಯಮ್ ಮಾರ್ಗನ್ ವಾಲಿಬಾಲನ್ನೂ ಕಲ್ಪಿಸಿದರು. ಇಬ್ಬರೂ ಅಮೇರಿಕದ ಕ್ರೈಸ್ತ ಯುವಜನ ಸಂಘದಲ್ಲಿ ವ್ಯಾಯಾಮ ಕಲಿಸುತ್ತಿದ್ದವರು. ಅದೇ ಸಂಘದ ಆಶ್ರಯದಲ್ಲಿ 1920ರಲ್ಲಿ ಹ್ಯಾರಿ ಬಕ್ ಎಂಬವರು ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರಿಗಾಗಿ ವಿದ್ಯಾಲಯವನ್ನು ತೆರೆದರು. ಇಂಥ ವಿದ್ಯಾಲಯಗಳಲ್ಲಿ ಕಲಿತು ಬಂದ ಶಿಕ್ಷಕ ಶಿಕ್ಷಕಿಯರು ದಕ್ಷಿಣ ಹಿಂದೂಸ್ಥಾನದ ಶಾಲೆಗಳಲ್ಲಿ ತಿಂಗಳ ಸಂಬಳಕ್ಕೆ ನಿಂತು, ಗಣಿತಕ್ಕೊಂದು ಗಂಟೆಯಿರುವಂತೆ ಆಟಕ್ಕೂ ಒಂದು ಗಂಟೆಯನ್ನು ಉಳಿಸಿದರು. ತಂಡಕ್ಕೆ ಸೇರಿದವಳಿಗೂ ಸೇರದವಳಿಗೂ ಅವರ ಸೀಟಿ ಒಂದೇ ಆಗಿತ್ತು. ಬೆಂಗಳೂರು ಮೊದಲಾದ ನಗರಗಳಲ್ಲಿ ಈಗ ತಿಂಗಳ ಶುಲ್ಕದ ಕ್ರೀಡಾ ಅಕಾಡೆಮಿಗಳು ಹೆಚ್ಚುತ್ತಿವೆ. ಅವುಗಳಲ್ಲಿ ಮಕ್ಕಳು ಚೆನ್ನಾಗಿ ಕಲಿಯಲೂಬಹುದು. ಆದರೆ ಶಾಲೆಯ ಆಟದ ಗಂಟೆಯನ್ನು ಪರೀಕ್ಷೆಯ ಪಾಠಕ್ಕೆ ಬಿಟ್ಟುಕೊಟ್ಟು, ಅದೇ ಆಟವನ್ನು ಹೊರಗೆ ದುಡ್ಡು ಕೊಟ್ಟು ಕೊಳ್ಳುವುದು ಜಾಣತನವಲ್ಲ. ಪಾಲಕರು ತಮ್ಮ ಮಕ್ಕಳ ಶಾಲೆಯಲ್ಲಿ ಆಟದ ಶಿಕ್ಷಕಿಯ ಹುದ್ದೆ ತುಂಬಿದೆಯೇ, ಆಕೆಗೆ ಉಳಿದ ಉಪಾಧ್ಯಾಯಿನಿಯರಷ್ಟೇ ಸಂಬಳವುಂಟೇ ಎಂದು ಈ ವರ್ಷ ಒಮ್ಮೆ ವಿಚಾರಿಸಲಿ.