ವಾರ್ಡನ್ ಹಾಕಿದ ಸಹಿ

2009ರ ಜುಲೈ ತಿಂಗಳಲ್ಲಿ, ಅಂದು ಅವಿಭಜಿತ ಆಂಧ್ರಪ್ರದೇಶಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆಯೊಂದು ಆರಂಭವಾಯಿತು. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯದು. ಅಮೆರಿಕದ ‘ಪಾತ್’ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ಸೇರಿ ಖಮ್ಮಂ ಹಾಗೂ ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಇದನ್ನು ನಡೆಸಿತು. ಚುಚ್ಚುಮದ್ದು ಪಡೆದವರಲ್ಲಿ ಅನೇಕರು ಬುಡಕಟ್ಟು ಕುಟುಂಬಗಳ ಮಕ್ಕಳು; ಮನೆಯಿಂದ ದೂರ, ವಸತಿನಿಲಯಗಳಲ್ಲಿದ್ದು ಓದುತ್ತಿದ್ದವರು.

ಯೋಜನೆಯ ಅವಧಿಯಲ್ಲಿ ಏಳು ಬಾಲಕಿಯರು ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ಒಬ್ಬಳು ನೀರಿನಲ್ಲಿ ಮುಳುಗಿ, ಇನ್ನೊಬ್ಬಳು ಹಾವು ಕಚ್ಚಿ ಸತ್ತಿದ್ದಳು; ಸಾವುಗಳಿಗೆ ಲಸಿಕೆ ಕಾರಣವೆಂದು ಸರ್ಕಾರದ ತನಿಖಾ ಸಮಿತಿಗೆ ಕಂಡುಬರಲಿಲ್ಲ. ಆದರೆ ಕಾಗದಪತ್ರಗಳು ಬೇರೊಂದು ಕಥೆ ಹೇಳಿದವು. 2013ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಮಂಡಿಸಿದ 72ನೆಯ ವರದಿಯ ಪ್ರಕಾರ ಆಂಧ್ರದ 9,543 ಸಮ್ಮತಿ ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತಿತ್ತು. 2,763ಕ್ಕೆ ವಸತಿನಿಲಯದ ವಾರ್ಡನ್‌ಗಳೇ ಸಹಿ ಹಾಕಿದ್ದರು.

ವಾರ್ಡನ್ ಮಗುವಿಗೆ ಊಟ ಬಡಿಸಬಹುದು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯಬಹುದು. ತಂದೆತಾಯಿ ಬದುಕಿರುವಾಗ, ಅವರನ್ನು ಕೇಳದೆ, ಅವರ ಪರವಾಗಿ ‘ತಿಳಿದು ಒಪ್ಪಿದ್ದೇವೆ’ ಎಂದು ಬರೆಯುವ ಅಧಿಕಾರ ಆತನಿಗೆ ಎಲ್ಲಿಂದ ಬಂತು? ಈ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದವರೆಗೂ ಹೋಯಿತು. 2018ರ ಮೇ 9ರ ತೀರ್ಪು ಉತ್ತರಿಸಿದ್ದು ಮಾತ್ರ ಸಂಸದೀಯ ಸಮಿತಿಯ ವರದಿಯನ್ನು ನ್ಯಾಯಾಲಯ ಆಧರಿಸಬಹುದೇ ಎಂಬ ಪ್ರಶ್ನೆಯನ್ನು. ಆಧರಿಸಬಹುದು ಎಂದಿತು. ವಾರ್ಡನ್ ಸಹಿಯ ಪ್ರಶ್ನೆ ಆ ಪೀಠದ ಮುಂದಿರಲಿಲ್ಲ.

ಇದನ್ನು ಓದಿ ‘ಹಾಗಾದರೆ ಲಸಿಕೆಯೇ ಬೇಡ’ ಎನ್ನುವ ಪಾಲಕರು ದುಡುಕಿದಂತೆ. 2020ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 1,23,000ಕ್ಕೂ ಹೆಚ್ಚು ಮಹಿಳೆಯರಿಗೆ ಈ ಕ್ಯಾನ್ಸರ್ ತಗುಲಿತು. 77,000ಕ್ಕೂ ಹೆಚ್ಚು ಮಂದಿ ಸತ್ತರು. ಜಗತ್ತಿನಲ್ಲಿ ಇದರಿಂದ ಸಾಯುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಹಿಳೆಯರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ವೈರಸ್ ಹರಡುವುದು ದೈಹಿಕ ಸಂಪರ್ಕದಿಂದ. ಆದ್ದರಿಂದಲೇ ಅದಕ್ಕೆ ಬಹಳ ಮೊದಲು, 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಹಾಕುತ್ತಾರೆ. ಮಗಳ ನಡತೆಯ ಬಗೆಗಿನ ಸಂಶಯ ಇದರಲ್ಲಿ ಎಳ್ಳಷ್ಟೂ ಇಲ್ಲ. ಆ ವಯಸ್ಸಿನವರೆಲ್ಲ ಒಂದೆಡೆ ಸಿಗುವ ಸ್ಥಳ ಶಾಲೆ. ರುವಾಂಡಾ 2011ರಲ್ಲಿ ಪ್ರಾಥಮಿಕ ಆರನೆಯ ತರಗತಿಯ ಬಾಲಕಿಯರಿಗೆ ಶಾಲೆಗಳಲ್ಲೇ ಲಸಿಕೆ ಹಾಕಿ, ಶೇಕಡಾ 93ರಷ್ಟು ಮಂದಿಗೆ ಮೂರೂ ಡೋಸ್ ತಲುಪಿಸಿತು. ಶಾಲೆ ಬಿಟ್ಟವರನ್ನು ಹುಡುಕಲು ಹಳ್ಳಿಯ ಆರೋಗ್ಯ ಕಾರ್ಯಕರ್ತರನ್ನು ಕಳುಹಿಸಿತು. ನಮ್ಮ ಸಿಕ್ಕಿಂ 2018ರಲ್ಲಿ ಶಾಲೆಗಳ ಮೂಲಕವೇ ಶೇಕಡಾ 95ಕ್ಕಿಂತ ಹೆಚ್ಚು ಬಾಲಕಿಯರನ್ನು ತಲುಪಿತು.

ಸೋಲಾಪುರ ಜಿಲ್ಲೆಯವರು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. 2009ರಲ್ಲಿಯೇ, ಖಮ್ಮಂ ಯೋಜನೆಗೆ ಸಂಬಂಧವಿಲ್ಲದ ಮತ್ತೊಂದು ಅಧ್ಯಯನ ದೇಶದ ಹಲವು ಕೇಂದ್ರಗಳಲ್ಲಿ ಆರಂಭವಾಗಿತ್ತು. ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆ ಅವುಗಳಲ್ಲೊಂದು. ಎರಡು ಡೋಸ್ ಸಾಕೇ, ಮೂರು ಬೇಕೇ ಎಂಬುದು ಅಲ್ಲಿನ ಪ್ರಶ್ನೆ. 2010ರ ಆದೇಶ ಅದನ್ನೂ ಅರ್ಧಕ್ಕೆ ನಿಲ್ಲಿಸಿತು. ಅದರಿಂದ 4,950 ಬಾಲಕಿಯರಿಗೆ ಒಂದೇ ಡೋಸ್ ಸಿಕ್ಕಂತಾಯಿತು. ವೈದ್ಯರು ಅವರನ್ನು ಕೈಬಿಡಲಿಲ್ಲ. ಹತ್ತು ವರ್ಷಗಳ ನಂತರ ನೋಡಿದರೆ, ಹೆಚ್ಚು ಅಪಾಯಕಾರಿಯಾದ 16 ಮತ್ತು 18ನೆಯ ಬಗೆಯ ವೈರಸ್‌ಗಳು ದೇಹದಲ್ಲಿ ನೆಲೆಯೂರದಂತೆ ಆ ಒಂದು ಡೋಸ್ ಶೇಕಡಾ 95ರಷ್ಟು ರಕ್ಷಣೆ ಕೊಟ್ಟಿತ್ತು. ಇಂತಹ ಸಾಕ್ಷ್ಯಗಳ ಬಲದಿಂದ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದೇ ಡೋಸ್ ಕೊಡುವ ಕ್ರಮಕ್ಕೂ ಒಪ್ಪಿಗೆ ನೀಡಿತು. ಬಡ ದೇಶಗಳಿಗೆ ಖರ್ಚು ಇಳಿದದ್ದು ಹೀಗೆ.

ಇನ್ನು ಗಡಿನಾಡಿನ ಮಾತು. ಮಗಳು ಶಾಲೆಯಲ್ಲಿ ಕನ್ನಡ ಓದುತ್ತಾಳೆ. ಸರ್ಕಾರಿ ನಮೂನೆ ರಾಜ್ಯಭಾಷೆಯಲ್ಲಿ ಬರುತ್ತದೆ. ತಾಯಿಗೆ ಅರ್ಥವಾಗದ ಭಾಷೆಯ ಪತ್ರದ ಕೆಳಗೆ ಆಕೆಯೇ ಸಹಿ ಹಾಕಿದರೂ, ವಾರ್ಡನ್ ಹಾಕಿದ ಸಹಿಗಿಂತ ಅದು ಎಷ್ಟು ಮೇಲು? ಭಾಷಾ ಅಲ್ಪಸಂಖ್ಯಾತರಿಗಾಗಿ ಒಪ್ಪಲಾದ ರಕ್ಷಣೋಪಾಯಗಳಲ್ಲಿ, ಜಿಲ್ಲೆ ಅಥವಾ ಅದಕ್ಕಿಂತ ಚಿಕ್ಕ ಘಟಕದ ಜನಸಂಖ್ಯೆಯ ಶೇಕಡಾ 15ರಷ್ಟು ಮಂದಿ ಆಡುವ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳನ್ನು ಕೊಡಬೇಕೆಂಬುದೂ ಒಂದು. ಇದು ಕಾಯಿದೆಯಲ್ಲ, ಸರ್ಕಾರಗಳು ಒಪ್ಪಿಕೊಂಡ ಮಾತು. ಕೇಳದಿದ್ದರೆ ತಾನಾಗಿ ನಡೆಯುವುದಿಲ್ಲ.

ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರ ಮುಂದೆ ಇಡಬೇಕಾದ ಬೇಡಿಕೆ ಚಿಕ್ಕದು. ಲಸಿಕೆಯ ಹೆಸರೇನು, ಎಷ್ಟು ಡೋಸ್, ಯಾವ ಮಗುವಿಗೆ ಹಾಕಬಾರದು, ತೋಳು ನೋವು, ಜ್ವರ ಅಥವಾ ತಲೆಸುತ್ತು ಬಂದರೆ ಯಾರನ್ನು ಕಾಣಬೇಕು, ಬೇಡವೆನ್ನುವ ಜಾಗ ಎಲ್ಲಿದೆ ಎಂಬುದೆಲ್ಲ ಕನ್ನಡದಲ್ಲಿರುವ ಒಂದು ಹಾಳೆ. ಓದಲು ಬಾರದ ತಾಯಿಗೆ ಅದನ್ನು ಓದಿ ಹೇಳುವ ಒಬ್ಬ ಶಿಕ್ಷಕಿ. ಮುದ್ರಿಸಲು ಆರೋಗ್ಯ ಇಲಾಖೆ ಹಿಂಜರಿದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ಸಂವಿಧಾನದ 350ನೆಯ ವಿಧಿಯ ಪ್ರಕಾರ ಆ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು.