ಹಡಪಸರದ ಲಸಿಕೆ ಯಾರ ಮಕ್ಕಳಿಗೆ?

ಪುಣೆಯ ಹಡಪಸರದಲ್ಲಿರುವ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಮಲೇರಿಯಾ ಲಸಿಕೆ ಆರ್21 ಹೋಗುತ್ತಿರುವುದು ಆಫ್ರಿಕಾದ ಮಕ್ಕಳಿಗೆ. ಆಕ್ಸ್‌ಫರ್ಡ್ ವಿಜ್ಞಾನಿಗಳು ರೂಪಿಸಿದ ಈ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. 2024ರ ಜುಲೈನಲ್ಲಿ ಐವರಿ ಕೋಸ್ಟ್‌ನಲ್ಲಿ ಮಕ್ಕಳಿಗೆ ಹಾಕುವುದು ಶುರುವಾಯಿತು. ನಮ್ಮ ನೆಲದಲ್ಲಿ ತಯಾರಾಗಿದ್ದು ನಮ್ಮ ಮಕ್ಕಳಿಗೇಕಿಲ್ಲ ಎಂದು ಕೇಳುವವರಿದ್ದಾರೆ. ಹೊಸ ಲಸಿಕೆಯನ್ನು ಎಳೆಯ ಮಕ್ಕಳ ಮೇಲೆ ಪ್ರಯೋಗಿಸುವ ಆತುರವೇಕೆ ಎನ್ನುವವರೂ ಇದ್ದಾರೆ. ಇಬ್ಬರಿಗೂ ಉತ್ತರ ಒಂದೇ ಕಡೆ ಸಿಗುತ್ತದೆ: ಮಗು ಬೆಳೆಯುವ ಊರಿನಲ್ಲಿ ಯಾವ ಮಲೇರಿಯಾ ಇದೆ, ಎಷ್ಟಿದೆ?

ಆತುರದ ಮಾತನ್ನು ಮೊದಲು ನೋಡೋಣ. ಬುರ್ಕಿನಾ ಫಾಸೊ, ಕೀನ್ಯಾ, ಮಾಲಿ, ತಾಂಜಾನಿಯಾಗಳಲ್ಲಿ 5ರಿಂದ 36 ತಿಂಗಳ ಸುಮಾರು 4,800 ಮಕ್ಕಳ ಮೇಲೆ ಆರ್21 ಪರೀಕ್ಷೆ ನಡೆಯಿತು. ಮಳೆಗಾಲಕ್ಕೆ ಮುನ್ನ ಲಸಿಕೆ ಹಾಕಿದ ಕಡೆ ಮೊದಲ ವರ್ಷ ಶೇ 75ರಷ್ಟು ರಕ್ಷಣೆ ಸಿಕ್ಕಿತು. ಅಪರೂಪದ ಅಡ್ಡಪರಿಣಾಮ ಇಷ್ಟು ಮಕ್ಕಳಲ್ಲಿ ಕಾಣದೇ ಹೋಗಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಇದೇ ಬಗೆಯ ಹಿಂದಿನ ಲಸಿಕೆ ಆರ್‌ಟಿಎಸ್,ಎಸ್‌ನ ಪರೀಕ್ಷೆಯಲ್ಲಿ ಲಸಿಕೆ ಪಡೆದವರಲ್ಲಿ ಮೆದುಳುಪೊರೆಯ ಉರಿಯೂತ ಹೆಚ್ಚು ಕಂಡು ಆತಂಕ ಹುಟ್ಟಿತ್ತು. ಅದನ್ನು ಮುಚ್ಚಿಡಲಿಲ್ಲ. 2019ರಿಂದ ಘಾನಾ, ಕೀನ್ಯಾ, ಮಲಾವಿಗಳಲ್ಲಿ ಸುಮಾರು 20 ಲಕ್ಷ ಮಕ್ಕಳಿಗೆ ಹಾಕಿ, ನಿಗಾ ಇಟ್ಟು ನೋಡಿದಾಗ ಆ ಭಯ ನಿಜವಾಗಲಿಲ್ಲ. ಅರ್ಹ ವಯಸ್ಸಿನ ಮಕ್ಕಳ ಸಾವು ಶೇ 13ರಷ್ಟು ಇಳಿಯಿತು. 2023ರಲ್ಲಿ ಜಗತ್ತಿನಾದ್ಯಂತ ಮಲೇರಿಯಾಕ್ಕೆ ಸತ್ತವರು ಸುಮಾರು 5.97 ಲಕ್ಷ. ಅದರಲ್ಲಿ ಶೇ 95ರಷ್ಟು ಸಾವು ಆಫ್ರಿಕಾದಲ್ಲಿ, ಬಹುಪಾಲು ಐದು ವರ್ಷ ತುಂಬದ ಮಕ್ಕಳದ್ದು. ಅಲ್ಲಿ ಅಪಾಯ ಇರುವುದು ಲಸಿಕೆ ತಡವಾಗುವುದರಲ್ಲಿ.

ಅದೇ ತಕ್ಕಡಿಯಲ್ಲಿ ಮಂಗಳೂರನ್ನು ಇಟ್ಟರೆ ತೂಕ ಬೇರೆ. ಮಲೇರಿಯಾ ಎಂದೊಡನೆ ಕನ್ನಡಿಗರಿಗೆ ನೆನಪಾಗುವ ಆ ಊರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಪರಾವಲಂಬಿ ತರುವ ಮಲೇರಿಯಾ. ಆರ್21 ಇರುವುದು ಫಾಲ್ಸಿಪಾರಂ ಎಂಬ ಇನ್ನೊಂದು ಪರಾವಲಂಬಿಗೆ. ಫಾಲ್ಸಿಪಾರಂನ ಮೈಹೊದಿಕೆಯ ಪ್ರೊಟೀನಿನ ತುಣುಕೊಂದನ್ನು ಲಸಿಕೆ ದೇಹಕ್ಕೆ ಪರಿಚಯಿಸುತ್ತದೆ. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಯಕೃತ್ತು ಸೇರುವ ಮೊದಲೇ ತಡೆಯುವುದು ಉದ್ದೇಶ. ವೈವಾಕ್ಸಿನ ಹೊದಿಕೆಯ ರಚನೆಯೇ ಬೇರೆ. ಮೇಲಾಗಿ ಅದು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ. ಅದಕ್ಕೆ ಮದ್ದು 14 ದಿನ ಬಿಡದೆ ನುಂಗಬೇಕಾದ ಪ್ರೈಮಾಕ್ವಿನ್. ವೈವಾಕ್ಸ್ ಹರಡದಂತೆ ತಡೆಯುವ ದಾರಿ ಕಟ್ಟಡ ಕೆಲಸ ನಡೆಯುವಲ್ಲಿ, ತಾರಸಿಯ ಟ್ಯಾಂಕುಗಳಲ್ಲಿ ನೀರು ತೆರೆದಿರದಂತೆ ನೋಡಿಕೊಳ್ಳುವುದು.

ಹಾನಿ ಇಲ್ಲವೆಂದಮೇಲೆ ಎಲ್ಲರಿಗೂ ಹಾಕಿದರೇನು ತಪ್ಪು ಎಂಬ ವಾದ ಉಳಿಯುತ್ತದೆ. ಆರ್21 ಒಂದು ಚುಚ್ಚುಮದ್ದಲ್ಲ: ಮೂರು ಡೋಸು, ವರ್ಷದ ನಂತರ ನಾಲ್ಕನೆಯದು. ಅಂದರೆ ಆಶಾ ಕಾರ್ಯಕರ್ತೆಗೆ ಇನ್ನೊಂದು ಪಟ್ಟಿ, ಕೂಲಿ ಬಿಟ್ಟು ಬರುವ ತಾಯಿಗೆ ಇನ್ನಷ್ಟು ಓಡಾಟ. ಮಗುವಿಗೆ ಪ್ರಯೋಜನವಿಲ್ಲದ ಸೂಜಿ ಚುಚ್ಚಿಸಿಕೊಂಡ ಮನೆ, ನಾಳೆ ದಡಾರದ ಲಸಿಕೆಗೆ ಕರೆದಾಗಲೂ ಹಿಂದೆ ಮುಂದೆ ನೋಡುತ್ತದೆ. ಫಾಲ್ಸಿಪಾರಂ ಬೇರೂರಿರುವ ಒಡಿಶಾ, ಛತ್ತೀಸಗಡದ ಕಾಡಂಚಿನ ಹಳ್ಳಿಗಳ ವಿಷಯ ಬೇರೆ. ಆದರೂ ಒಡಿಶಾದಲ್ಲಿ 2017ರಲ್ಲಿ ಸುಮಾರು 3.47 ಲಕ್ಷವಿದ್ದ ಪ್ರಕರಣಗಳು 2020ರ ಹೊತ್ತಿಗೆ 42 ಸಾವಿರದ ಆಸುಪಾಸಿಗೆ ಇಳಿದದ್ದು ಲಸಿಕೆಯಿಂದಲ್ಲ. ಸೊಳ್ಳೆಪರದೆ ಮತ್ತು ಮನೆಬಾಗಿಲ ರಕ್ತಪರೀಕ್ಷೆ ಅಲ್ಲಿನ ಮುಖ್ಯ ಅಸ್ತ್ರಗಳು. ಇಷ್ಟಾದರೂ ಕಾಯಿಲೆ ಬಗ್ಗದ ಹಳ್ಳಿಗಳಿದ್ದರೆ ಅಲ್ಲಿನ ಮಕ್ಕಳಲ್ಲಿ, ತಂದೆತಾಯಿಯ ಒಪ್ಪಿಗೆ ಪಡೆದು, ಆರ್21 ಪರೀಕ್ಷಿಸುವುದು ಸರಿ. ಭುವನೇಶ್ವರದ ಐಸಿಎಂಆರ್ ಕೇಂದ್ರ ರೂಪಿಸುತ್ತಿರುವ ಆಡ್‌ಫಾಲ್ಸಿವ್ಯಾಕ್ಸ್ ಲಸಿಕೆ ಕೂಡ ಫಾಲ್ಸಿಪಾರಂಗೇ ಮೀಸಲು. ಅದು ಸಿದ್ಧವಾದ ದಿನ ಸ್ವದೇಶಿ ಎಂಬ ಹೆಮ್ಮೆಯನ್ನು ಬದಿಗಿಟ್ಟು, ಜಿಲ್ಲಾವಾರು ರಕ್ತಪರೀಕ್ಷೆಯ ಅಂಕಿಅಂಶ ನೋಡಿಯೇ ಸರ್ಕಾರ ತೀರ್ಮಾನಿಸಬೇಕು.